ಗ್ರಾಂಟ್ ರೋಡು ಮತ್ತು ಗ್ರಾಂಟು: ಕಲೆ ಹಾಗೂ ಸರ್ಕಾರದ ಸಂಬಂಧವನ್ನು ಕುರಿತ ಕೆಲವು ವಿಚಾರಗಳು

1

ತರಗತಿಯಲ್ಲಿ ಮುಂಬಯಿಯ ರಂಗಭೂಮಿಯ ಇತಿಹಾಸವನ್ನು ಹೇಳುವಾಗ ಗ್ರಾಂಟ್ ರೋಡಿನ ಹೆಸರು ಬಂದೊಡನೆ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ನಗುವುದುಂಟು. ಈ ನಗರದ ಕನ್ನಡ ಸಂಘಸಂಸ್ಥೆಗಳ ಒಡನಾಟವುಳ್ಳವರ ಕಿವಿಗೆ ‘ಗ್ರಾಂಟು’ ಎಂಬ ಮಾತು ಅಷ್ಟೊಂದು ಪರಿಚಿತ. ಗ್ರಾಂಟು ಬಂತೇ, ಗ್ರಾಂಟು ಯಾವಾಗ ಬರುತ್ತದೆ, ಗ್ರಾಂಟಿಗೆ ಯಾರನ್ನು ಕಾಣಬೇಕು ಎಂಬ ಪ್ರಶ್ನೆಗಳಿಲ್ಲದೆ ನಮ್ಮ ಕಾರ್ಯಕಾರಿ ಸಮಿತಿಗಳ ಸಭೆಗಳು ಮುಗಿಯುವುದಿಲ್ಲ. ಆದರೆ ಗ್ರಾಂಟ್ ರೋಡಿಗೆ ಆ ಹೆಸರು ಬಂದುದು 1835ರಿಂದ 1838ರವರೆಗೆ ಮುಂಬಯಿ ಪ್ರಾಂತದ ಗವರ್ನರನಾಗಿದ್ದ ಸರ್ ರಾಬರ್ಟ್ ಗ್ರಾಂಟ್ ಎಂಬವನಿಂದ. ಅನುದಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂದು ದಾಖಲೆಗಳಲ್ಲಿ ಅದು ಮೌಲಾನಾ ಶೌಕತ್ ಅಲಿ ರಸ್ತೆ. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಹೆಸರಿನ ಈ ಸಾಮ್ಯ ಆಕಸ್ಮಿಕವಾದರೂ, ಕಲೆಗೆ ಸರ್ಕಾರ ಏನು ಮಾಡಬೇಕು, ಏನನ್ನು ಮಾಡಬಾರದು ಎಂಬ ವಿಚಾರಕ್ಕೆ ಗ್ರಾಂಟ್ ರೋಡಿಗಿಂತ ಯೋಗ್ಯವಾದ ಪ್ರವೇಶದ್ವಾರ ನಮಗೆ ದೊರೆಯಲಾರದು. ಈ ರಸ್ತೆಯ ನಾಟಕಶಾಲೆಯ ಕಥೆಯಲ್ಲಿ ದೊರೆಯಿದ್ದಾನೆ, ಕಂಪನಿ ಸರ್ಕಾರವಿದೆ, ದಾನಿಯಿದ್ದಾನೆ, ಟಿಕೆಟು ಕೊಳ್ಳುವ ಪ್ರೇಕ್ಷಕನಿದ್ದಾನೆ. ಎಲ್ಲಕ್ಕೂ ಮಿಗಿಲಾಗಿ, ಕನ್ನಡದ ಒಂದು ಯಕ್ಷಗಾನ ಮೇಳವಿದೆ. ಆ ಕಥೆಯನ್ನು ನಿರೂಪಿಸಿ, ಅದರಿಂದ ಹೊರಡುವ ಕೆಲವು ವಿಚಾರಗಳನ್ನು ಮುಂಬಯಿ ಕನ್ನಡಿಗರ ಪರಿಸ್ಥಿತಿಗೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ.

2

ಮೊದಲು ನಮ್ಮ ಸಾಹಿತ್ಯಪರಂಪರೆಯತ್ತ ಒಂದು ನೋಟ ಹರಿಸುವುದು ಉಚಿತ. ಕಲೆ ಮತ್ತು ಪ್ರಭುತ್ವದ ಸಂಬಂಧವನ್ನು ಕುರಿತು ಕನ್ನಡದಲ್ಲಿ ಎರಡು ನಿಲುವುಗಳು ಬಹು ಹಿಂದಿನಿಂದಲೂ ಇವೆ. ಅವುಗಳಲ್ಲಿ ಒಂದನ್ನು ಪಂಪನ ಹೆಸರಿನಿಂದಲೂ ಇನ್ನೊಂದನ್ನು ಹರಿಹರನ ಹೆಸರಿನಿಂದಲೂ ಗುರುತಿಸಬಹುದು. ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನಿಗೆ ಧರ್ಮಪುರವೆಂಬ ಅಗ್ರಹಾರ ದತ್ತಿಯಾಗಿ ದೊರೆಯಿತು. ಕವಿಯ ತಮ್ಮ ಜಿನವಲ್ಲಭನ ಶಾಸನವೂ ಇದಕ್ಕೆ ಸಾಕ್ಷಿಯಾಗಿದೆ. ಪ್ರತಿಯಾಗಿ ಪಂಪನು ತನ್ನ ಭಾರತದಲ್ಲಿ ಅರ್ಜುನನನ್ನೂ ಅರಿಕೇಸರಿಯನ್ನೂ ಅಭೇದವಾಗಿ ಚಿತ್ರಿಸಿದನು. ಈ ಸಮೀಕರಣದಿಂದಾಗಿ ಕಥೆಯ ಕೊನೆಯಲ್ಲಿ ಅರ್ಜುನನೇ ಪಟ್ಟಕ್ಕೆ ಬರಬೇಕಾಯಿತು. ಆಶ್ರಯಕ್ಕೆ ಕಾವ್ಯ ತೆತ್ತ ಬೆಲೆ ಇದು ಎಂದು ಹೇಳುವವರಿದ್ದಾರೆ. ಆದರೆ ಅದೇ ಪಂಪನು ಪ್ರತಿಪಕ್ಷದ ಕರ್ಣನನ್ನು ಕುರಿತು ಬರೆದಾಗ ಅವನ ಲೇಖನಿಯನ್ನು ಯಾವ ಅಗ್ರಹಾರವೂ ಹಿಡಿದು ನಿಲ್ಲಿಸಲಿಲ್ಲ ಎಂಬುದನ್ನೂ ಮರೆಯಬಾರದು.

ಇನ್ನೊಂದು ನಿಲುವು ಹರಿಹರನದು. ದೋರಸಮುದ್ರದ ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದ ಅವನು ಆ ಕೆಲಸವನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ನಡೆದನೆಂದು ಪರಂಪರೆ ಹೇಳುತ್ತದೆ. ಮನುಷ್ಯರನ್ನು ಹೊಗಳುವುದಿಲ್ಲವೆಂಬ ಅವನ ಪ್ರತಿಜ್ಞೆಯ ಹಿಂದೆ ವಚನಕಾರರ ನಡೆಯಿದೆ. ಇವೆರಡರ ನಡುವೆ ಮೂರನೆಯ ದಾರಿಯೊಂದೂ ಇದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ದಾರಿ ಅದು. ಅವಳು ಹಣವನ್ನು ವ್ಯಯಿಸಿದ್ದು ತನ್ನ ಹೊಗಳಿಕೆಗಲ್ಲ, ಆಗಲೇ ಇದ್ದ ಕೃತಿಯೊಂದು ಓದುಗರಿಗೆ ತಲಪಲೆಂದು. ಕಲೆಯನ್ನು ಪೋಷಿಸುವುದೆಂದರೆ ಕಲಾವಿದನನ್ನು ಸಾಕುವುದು ಮಾತ್ರವಲ್ಲ, ಅದಕ್ಕೆ ಗ್ರಾಹಕರನ್ನು ಒದಗಿಸುವುದು ಎಂಬ ತಿಳಿವಳಿಕೆ ಅಲ್ಲಿದೆ. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ.

3

ಈಗ ಗ್ರಾಂಟ್ ರೋಡಿಗೆ ಬರೋಣ. ಮುಂಬಯಿಯಲ್ಲಿ ಮೊದಲ ನಾಟಕಶಾಲೆ ಕಟ್ಟಿದ್ದು 1776ರಲ್ಲಿ, ಕೋಟೆಯೊಳಗಿನ ಬಾಂಬೆ ಗ್ರೀನ್ ಎಂಬ ಬಯಲಿನಲ್ಲಿ. ಆಂಗ್ಲರು ತಮ್ಮ ವಿನೋದಕ್ಕಾಗಿ ಚಂದಾ ಎತ್ತಿ ಕಟ್ಟಿಕೊಂಡ ಈ ಶಾಲೆ ಸಾಲದಲ್ಲಿ ಮುಳುಗಿ 1835ರಲ್ಲಿ ಮಾರಾಟವಾಯಿತು. ಸಾಲ ತೀರಿದ ಮೇಲೆ ಉಳಿದ ಹಣ ಸರ್ಕಾರದ ಖಜಾನೆಯಲ್ಲಿ ಉಳಿಯಿತು. ಕೆಲವು ವರ್ಷಗಳ ಬಳಿಕ ನಗರದ ಗಣ್ಯರು ಆ ಹಣವನ್ನು ಹೊಸ ನಾಟಕಶಾಲೆಗಾಗಿ ಬಿಟ್ಟುಕೊಡಬೇಕೆಂದು ಅರ್ಜಿ ಸಲ್ಲಿಸಿದರು. ಜಗನ್ನಾಥ ಶಂಕರಶೇಟರು ಗ್ರಾಂಟ್ ರೋಡಿನಲ್ಲಿ ಜಾಗವನ್ನು ಒದಗಿಸಿದರು. ಹೀಗೆ 1846ರಲ್ಲಿ ಗ್ರಾಂಟ್ ರೋಡ್ ಥಿಯೇಟರ್ ತೆರೆಯಿತು. ಇಲ್ಲಿ ಸರ್ಕಾರ ವಹಿಸಿದ ಪಾತ್ರವೇನು? ಅದು ತನ್ನ ಬೊಕ್ಕಸದಿಂದ ಏನನ್ನೂ ದಾನ ಮಾಡಲಿಲ್ಲ. ಜನರೇ ಕೂಡಿಸಿದ್ದ ಹಣವನ್ನು ಜನರ ಉದ್ದೇಶಕ್ಕೆ ಮರಳಿಸಿತು, ಅಷ್ಟೆ. ‘ಸರ್ಕಾರದ ಹಣ’ ಎಂದು ನಾವು ಕೈಮುಗಿದು ಪಡೆಯುವುದು ಬಹುಮಟ್ಟಿಗೆ ಇಂಥದೇ ಹಣವೆಂಬುದನ್ನು ನೆನಪಿಡಬೇಕು.

ಕೋಟೆಯಿಂದ ದೂರದಲ್ಲಿದ್ದ ಈ ಶಾಲೆಗೆ ಆಂಗ್ಲ ಪ್ರೇಕ್ಷಕರು ಬರುವುದು ಕಡಿಮೆಯಾಯಿತು. ಆಗ ಅದರ ಬಾಗಿಲು ದೇಶೀಯರಿಗೆ ತೆರೆಯಿತು. 1853ರಲ್ಲಿ ವಿಷ್ಣುದಾಸ ಭಾವೆಯವರ ಸಾಂಗಲಿ ಮಂಡಳಿ ಇಲ್ಲಿ ಟಿಕೆಟು ಇರಿಸಿ ಆಡಿತು. ಅದೇ ವರ್ಷ ಪಾರಸಿಗಳ ತಂಡವೂ ಇಲ್ಲಿ ರಂಗವೇರಿತು. ಮರಾಠಿ ಮತ್ತು ಪಾರಸಿ ವ್ಯವಸಾಯಿ ರಂಗಭೂಮಿಗಳೆರಡರ ಚರಿತ್ರೆಯೂ ಹೀಗೆ ಈ ರಸ್ತೆಯನ್ನು ಹಾದು ಹೋಗುತ್ತದೆ. ಸುತ್ತಮುತ್ತ ಅನೇಕ ನಾಟಕಶಾಲೆಗಳು ಎದ್ದವು. ಅವುಗಳಿಂದಾಗಿಯೇ ಆ ಪ್ರದೇಶಕ್ಕೆ ‘ಪಿಲಾ ಹೌಸ್’ ಎಂಬ ಹೆಸರು ಬಂತು. ‘ಪ್ಲೇ ಹೌಸ್’ ಎಂಬುದು ಜನರ ನಾಲಿಗೆಯಲ್ಲಿ ಪಡೆದ ರೂಪವಿದು. ಭಾಷಾವಿಜ್ಞಾನದ ವಿದ್ಯಾರ್ಥಿಗಳು ಸ್ವರಭಕ್ತಿಗೆ ಇದನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

ಆದರೆ ಭಾವೆ ಗ್ರಾಂಟ್ ರೋಡಿಗೆ ಬಂದುದೇಕೆ? ಕನ್ನಡಿಗರಾದ ನಮಗೆ ಮುಖ್ಯವಾದ ಭಾಗ ಇದು. 1842ರಲ್ಲಿ ಉತ್ತರ ಕನ್ನಡದ ‘ಭಾಗವತ’ರ ಮೇಳವೊಂದು ಸಾಂಗಲಿಯ ಅರಮನೆಯಲ್ಲಿ ಆಟ ಆಡಿತು. ಅದು ಹೊನ್ನಾವರದ ಬಳಿಯ ಕರ್ಕಿಯ ಯಕ್ಷಗಾನ ಮೇಳವೆಂದು ವಿದ್ವಾಂಸರು ಗುರುತಿಸಿದ್ದಾರೆ. ಸಾಂಗಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನ ಅದನ್ನು ನೋಡಿ ಮೆಚ್ಚಿ, ತನ್ನಲ್ಲಿದ್ದ ತರುಣ ಭಾವೆಗೆ ಮರಾಠಿಯಲ್ಲಿ ಇಂಥದೊಂದು ಪ್ರಯೋಗ ಮಾಡುವಂತೆ ಸೂಚಿಸಿದನು. 1843ರ ನವೆಂಬರ್ 5ರಂದು ಪ್ರದರ್ಶಿತವಾದ ‘ಸೀತಾ ಸ್ವಯಂವರ’ ಅದರ ಫಲ. ಮಹಾರಾಷ್ಟ್ರದಲ್ಲಿ ಇಂದಿಗೂ ಆ ದಿನವನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ತೇರದಾಳ, ಶಹಾಪುರಗಳಂಥ ಕನ್ನಡ ಪ್ರದೇಶಗಳೂ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದುದರಿಂದ ಕನ್ನಡದ ಮೇಳ ಅಲ್ಲಿಗೆ ಹೋದುದರಲ್ಲಿ ಆಶ್ಚರ್ಯವೇನಿಲ್ಲ.

ದೊರೆ 1851ರಲ್ಲಿ ತೀರಿಕೊಂಡನು. ಮುಂದಿನ ಆಡಳಿತ ಭಾವೆಯವರ ನಾಟಕಗಳಿಗೆ ನೆರವಾಗಲು ಒಪ್ಪಲಿಲ್ಲ. ತಂಡವನ್ನು ಕಟ್ಟಿದ ಸಾಲ ತಲೆಯ ಮೇಲೆ ಉಳಿಯಿತು. ಭಾವೆ ತಮ್ಮ ನಟರನ್ನು ಕರೆದುಕೊಂಡು ಊರೂರು ತಿರುಗಲು ಹೊರಟರು. ಹಾಗೆ ತಿರುಗುತ್ತ ಬಂದವರೇ ಗ್ರಾಂಟ್ ರೋಡಿನ ರಂಗವನ್ನೇರಿದರು. ಅಂದರೆ, ಮರಾಠಿ ರಂಗಭೂಮಿ ಹುಟ್ಟಿದ್ದು ಒಬ್ಬ ದೊರೆಯ ಒಲವಿನಿಂದ. ಅದು ಊರೂರಿಗೆ ಹಬ್ಬಿ ವ್ಯವಸಾಯವಾಗಿ ನಿಂತದ್ದು ಆ ಒಲವು ತಪ್ಪಿದ್ದರಿಂದ. ಆಶ್ರಯವಿಲ್ಲದಿದ್ದರೆ ‘ಸೀತಾ ಸ್ವಯಂವರ’ವಿಲ್ಲ, ಆಶ್ರಯ ಹಾಗೆಯೇ ಮುಂದುವರಿದಿದ್ದರೆ ಅದು ಸಾಂಗಲಿಯ ಅರಮನೆಯಲ್ಲಿಯೇ ಉಳಿದುಬಿಡುತ್ತಿತ್ತೋ ಏನೋ. ಪ್ರಭುತ್ವದ ಪೋಷಣೆಯನ್ನು ಕುರಿತ ಯಾವ ಸರಳ ಸಿದ್ಧಾಂತವೂ ಈ ಎರಡು ಸಂಗತಿಗಳನ್ನು ಒಟ್ಟಿಗೆ ವಿವರಿಸಲಾರದು.

ಇದರಲ್ಲಿ ಇನ್ನೊಂದು ಪಾಠವೂ ಅಡಗಿದೆ. ಕರ್ಕಿಯ ಮೇಳ ಹುಟ್ಟಿದ್ದು ಸಾಂಗಲಿಯ ದೊರೆಯಿಂದಲ್ಲ. ಯಕ್ಷಗಾನವನ್ನು ಕಾಪಾಡಿಕೊಂಡು ಬಂದವರು ಹರಕೆಯ ಆಟಗಳನ್ನು ಆಡಿಸಿದ ಮನೆತನಗಳು, ದೇವಸ್ಥಾನಗಳು, ರಾತ್ರಿಯೆಲ್ಲ ಎಚ್ಚರವಿದ್ದು ನೋಡಿದ ಊರಿನ ಜನ. ದೊರೆ ಮಾಡಿದ್ದು ಒಂದೇ ಕೆಲಸ: ಒಂದು ಭಾಷೆಯ ಕಲೆ ಇನ್ನೊಂದು ಭಾಷೆಯವರ ಕಣ್ಣಿಗೆ ಬೀಳುವಂತೆ ಅಂಗಳವನ್ನು ಒದಗಿಸಿದ್ದು. ಅದು ಸಣ್ಣ ಕೆಲಸವಲ್ಲ.

4

ಸಾಂಗಲಿಯಿಂದ ಹೊರಟ ಮರಾಠಿ ಮಂಡಳಿಗಳು ಕನ್ನಡ ನಾಡಿಗೂ ಬಂದವು. ಕರ್ಕಿಯಿಂದ ಹೋದದ್ದು ಗದಗು, ಧಾರವಾಡಗಳಿಗೆ ಬೇರೆಯ ಭಾಷೆಯಲ್ಲಿ, ಬೇರೆಯ ವೇಷದಲ್ಲಿ ಮರಳಿ ಬಂತೆನ್ನಬಹುದು. ಕನ್ನಡ ನೆಲದಲ್ಲಿ ಜನ ಮರಾಠಿ ನಾಟಕಗಳಿಗೆ ಮುಗಿಬೀಳುವುದನ್ನು ಕಂಡು ನೊಂದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಅವರಿಗೆ ರಾಜಾಶ್ರಯವಿರಲಿಲ್ಲ. ಅವರು ಶಾಲಾ ಶಿಕ್ಷಕರು.

ಆದರೆ ಅವರ ಹಿಂದೆ ಸರ್ಕಾರವೇ ಇರಲಿಲ್ಲವೆಂದು ಹೇಳಿದರೆ ಅದು ಪೂರ್ಣ ಸತ್ಯವಾಗದು. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚೆನ್ನಬಸಪ್ಪನವರು ಮರಾಠಿಯ ಪ್ರಾಬಲ್ಯವಿದ್ದ ಕಡೆಗಳಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಸ್ವತಃ ಷೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದರು. ಚೆನ್ನಬಸಪ್ಪನವರು ನಾಟಕ ಮಂಡಳಿಗಳಿಗೆ ಧನಸಹಾಯವನ್ನು ಹಂಚುವ ಅಧಿಕಾರಿಯಾಗಿರಲಿಲ್ಲ. ಅವರು ಸಿದ್ಧಪಡಿಸಿದ್ದು ಕನ್ನಡ ಬಲ್ಲ ಪ್ರೇಕ್ಷಕರ ಒಂದು ತಲೆಮಾರನ್ನು. ಶಾಂತಕವಿಗಳ ನಾಟಕ ಬೇರೂರಲು ನೆಲ ಹದಗೊಂಡದ್ದು ಆ ಶಾಲೆಗಳಲ್ಲಿ.

ಇದೇ ಕಾಲಕ್ಕೆ ಮೈಸೂರಿನಲ್ಲಿ ನಡೆದದ್ದು ಬೇರೆ ರೀತಿಯದು. ಅಲ್ಲಿ 1880ರ ದಶಕದಲ್ಲಿ ಚಾಮರಾಜ ಒಡೆಯರ ಪ್ರೋತ್ಸಾಹದಿಂದ ಅರಮನೆಯ ನಾಟಕ ಕಂಪನಿ ರೂಪುಗೊಂಡಿತು. ಬಸವಪ್ಪಶಾಸ್ತ್ರಿಗಳು ಅದಕ್ಕಾಗಿ ‘ಶಾಕುಂತಲ’ವನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ರೆನಿಸಿದರು. ಆಶ್ರಯದ ಉತ್ತಮ ಫಲಕ್ಕೆ ಇದು ನಿದರ್ಶನ. ಒಂದೇ ಭಾಷೆಯ ಎರಡು ಭಾಗಗಳು, ಒಂದರಲ್ಲಿ ಅರಮನೆಯ ಕಂಪನಿ, ಇನ್ನೊಂದರಲ್ಲಿ ಮಾಸ್ತರರ ಮಂಡಳಿ. ಎರಡೂ ಕನ್ನಡಕ್ಕೆ ಬೇಕಾಗಿದ್ದವು.

5

ಸರ್ಕಾರದ ಕೈ ಕೊಡುವ ಕೈ ಮಾತ್ರವಲ್ಲ, ತಡೆಯುವ ಕೈಯೂ ಹೌದು. 1876ರಲ್ಲಿ ಬ್ರಿಟಿಷ್ ಸರ್ಕಾರ ನಾಟಕ ಪ್ರದರ್ಶನ ನಿಯಂತ್ರಣ ಕಾಯಿದೆಯನ್ನು ಜಾರಿಗೆ ತಂದಿತು. ಕೃ. ಪ್ರ. ಖಾಡಿಲ್ಕರರ ‘ಕೀಚಕವಧ’ 1907ರಲ್ಲಿ ರಂಗಕ್ಕೆ ಬಂದಾಗ ಪ್ರೇಕ್ಷಕರು ಕೀಚಕನಲ್ಲಿ ಕರ್ಜನನನ್ನು ಕಂಡರು. 1910ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 1923ರಲ್ಲಿ ಮುಂಬಯಿ ಪ್ರಾಂತದಲ್ಲಿ ಮನರಂಜನಾ ಸುಂಕದ ಕಾಯಿದೆ ಬಂತು. ಹೀಗೆ ಅದುವರೆಗೆ ಕಲೆಗೆ ಏನನ್ನೂ ಕೊಡದಿದ್ದ ಸರ್ಕಾರ ಕಲೆಯಿಂದ ಪಡೆಯತೊಡಗಿತು.

ಸ್ವಾತಂತ್ರ್ಯ ಬಂದ ಮೇಲೆಯೂ ಈ ಕೈ ಒಮ್ಮೆಲೇ ಹಿಂದೆ ಸರಿಯಲಿಲ್ಲ. 1876ರ ಕಾಯಿದೆ ಕೇಂದ್ರದ ಶಾಸನಪುಸ್ತಕದಿಂದ ಹೋದದ್ದು 2018ರಲ್ಲಿ. ಮಹಾರಾಷ್ಟ್ರದಲ್ಲಿ ವಿಜಯ ತೆಂಡೂಲ್ಕರರ ‘ಸಖಾರಾಮ್ ಬೈಂಡರ್’ ನಾಟಕದ ಪ್ರದರ್ಶನ 1970ರ ದಶಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಮನರಂಜನಾ ತೆರಿಗೆ 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯಲ್ಲಿ ಬಹುಮಟ್ಟಿಗೆ ಲೀನವಾಯಿತು. ಸಣ್ಣ ತಂಡಕ್ಕೆ ಅನುದಾನ ಕೊಡುವುದಕ್ಕಿಂತ ಅದರ ಟಿಕೆಟಿನ ಮೇಲೆ ತೆರಿಗೆ ಹಾಕದಿರುವುದು ಎಷ್ಟೋ ಮೇಲು. ಏಕೆಂದರೆ ವಿನಾಯಿತಿಗೆ ಯಾರ ಶಿಫಾರಸೂ ಬೇಡ.

6

ಸ್ವತಂತ್ರ ಭಾರತದಲ್ಲಿ ಪೋಷಣೆಯ ಹೊಣೆ ಅರಮನೆಗಳಿಂದ ಅಕಾಡೆಮಿಗಳಿಗೆ ಬಂತು. ಸಂಗೀತ ನಾಟಕ ಅಕಾಡೆಮಿ 1953ರಲ್ಲಿ, ಸಾಹಿತ್ಯ ಅಕಾಡೆಮಿ ಮತ್ತು ಲಲಿತಕಲಾ ಅಕಾಡೆಮಿಗಳು 1954ರಲ್ಲಿ ಕಾರ್ಯಾರಂಭ ಮಾಡಿದವು. ರಾಜ್ಯದಲ್ಲಿ ಸಂಗೀತ ನಾಟಕ ಅಕಾಡೆಮಿ 1959ರಲ್ಲಿಯೂ ಸಾಹಿತ್ಯ ಅಕಾಡೆಮಿ 1961ರಲ್ಲಿಯೂ ಹುಟ್ಟಿದವು. ಈ ಸಂಸ್ಥೆಗಳ ಕಲ್ಪನೆಯಲ್ಲಿ ಒಂದು ತತ್ತ್ವವಿತ್ತು: ಹಣ ಸರ್ಕಾರದ್ದು, ನಿರ್ಣಯ ಕಲಾವಿದರದು ಮತ್ತು ವಿದ್ವಾಂಸರದು. ಇಂಗ್ಲೆಂಡಿನಲ್ಲಿ 1946ರಲ್ಲಿ ಸ್ಥಾಪಿತವಾದ ಕಲಾಮಂಡಳಿಯ ಹಿಂದೆ ಅರ್ಥಶಾಸ್ತ್ರಜ್ಞ ಕೇನ್ಸ್ ಇಟ್ಟುಕೊಂಡಿದ್ದ ವಿಚಾರವೂ ಇದೇ. ಹಣ ಕೊಡುವವನಿಗೂ ಪಡೆಯುವವನಿಗೂ ನಡುವೆ ಒಂದು ತೋಳಿನಳತೆಯ ಅಂತರವಿರಬೇಕು. ಅಂತರ ಇಲ್ಲದಿದ್ದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದಲ್ಲಿ ನಿದರ್ಶನವಿದೆ. ಅಲ್ಲಿ 1935ರಲ್ಲಿ ನಿರುದ್ಯೋಗಿ ರಂಗಕರ್ಮಿಗಳಿಗಾಗಿ ಆರಂಭವಾದ ಸರ್ಕಾರಿ ರಂಗಯೋಜನೆ ರಾಜಕೀಯ ವಿರೋಧದಿಂದ 1939ರಲ್ಲಿ ನಿಂತುಹೋಯಿತು.

ನಮ್ಮಲ್ಲಿ ಈ ಅಂತರ ಕಾಗದದ ಮೇಲೆ ಇದ್ದಷ್ಟು ಆಚರಣೆಯಲ್ಲಿ ಇಲ್ಲ. ಕೇಂದ್ರದ ಅಕಾಡೆಮಿಗಳ ಪರಿಶೀಲನೆಗೆ 1964ರಲ್ಲಿ ಭಾಭಾ ಸಮಿತಿ, 1970ರ ದಶಕದ ಆರಂಭದಲ್ಲಿ ಖೋಸ್ಲಾ ಸಮಿತಿ, 1990ರಲ್ಲಿ ವರದಿ ನೀಡಿದ ಹಕ್ಸರ್ ಸಮಿತಿ ಎಂದು ಸಮಿತಿಗಳ ಮೇಲೆ ಸಮಿತಿಗಳು ಆದವು. ರಾಜ್ಯದಲ್ಲಂತೂ ಅಧ್ಯಕ್ಷರನ್ನೂ ಸದಸ್ಯರನ್ನೂ ಸರ್ಕಾರವೇ ನಾಮಕರಣ ಮಾಡುತ್ತದೆ. 2019ರಲ್ಲಿಯೂ 2023ರಲ್ಲಿಯೂ ಸರ್ಕಾರ ಬದಲಾದೊಡನೆ ಈ ನಾಮಕರಣಗಳು ಅವಧಿಗೆ ಮೊದಲೇ ರದ್ದಾದವು. ಎರಡು ಸಲ ಎರಡು ಬೇರೆ ಪಕ್ಷಗಳ ಸರ್ಕಾರಗಳು ಒಂದೇ ರೀತಿಯಲ್ಲಿ ನಡೆದುಕೊಂಡದ್ದರಿಂದ, ಇದು ಪಕ್ಷದ ದೋಷವಲ್ಲ, ರಚನೆಯ ದೋಷ ಎಂಬುದು ಸ್ಪಷ್ಟ. ಸಾಂಗಲಿಯಲ್ಲಿ ದೊರೆ ಸತ್ತಾಗ ಆದದ್ದು ನಮ್ಮಲ್ಲಿ ಚುನಾವಣೆ ಮುಗಿದಾಗ ಆಗುತ್ತಿದೆ. ಅಕಾಡೆಮಿಯೊಂದು ಆರಂಭಿಸಿದ ನಿಘಂಟು, ದಾಖಲೀಕರಣ, ಪ್ರಕಟಣೆಗಳಂಥ ದೀರ್ಘಾವಧಿಯ ಕೆಲಸಗಳು ಇದರಿಂದ ನಡುದಾರಿಯಲ್ಲಿ ನಿಲ್ಲುತ್ತವೆ.

ರಂಗಭೂಮಿಯಲ್ಲಿ ಎರಡು ಮಾದರಿಗಳನ್ನು ಹೋಲಿಸಿ ನೋಡಬಹುದು. 1989ರಲ್ಲಿ ಮೈಸೂರಿನಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಆರಂಭವಾದ ‘ರಂಗಾಯಣ’ ಸರ್ಕಾರವೇ ಕಟ್ಟಿದ ರೆಪರ್ಟರಿ. ಕನ್ನಡದ ನಟನಿಗೆ ತಿಂಗಳ ಸಂಬಳದ ನೆಮ್ಮದಿಯನ್ನು ಕೊಟ್ಟು, ನಾಟಕವನ್ನೇ ವೃತ್ತಿಯಾಗಿ ಅಭ್ಯಾಸ ಮಾಡುವ ಅವಕಾಶವನ್ನು ಅದು ಒದಗಿಸಿತು. ಇದು ಸಣ್ಣ ಸಾಧನೆಯಲ್ಲ. ಇನ್ನೊಂದು ಮಾದರಿ 1949ರಲ್ಲಿ ಹೆಗ್ಗೋಡಿನಲ್ಲಿ ಊರವರೇ ಕಟ್ಟಿಕೊಂಡ ನೀನಾಸಮ್. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಅಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಆರಂಭವಾದವು. ಸರ್ಕಾರದ ನೆರವನ್ನು ಅದೂ ಪಡೆದಿದೆ. ಆದರೆ ನೆರವು ಬರುವ ಮೊದಲೇ ಅದು ತನ್ನ ಪ್ರೇಕ್ಷಕರನ್ನು ಕಟ್ಟಿಕೊಂಡಿತ್ತು. ಬೇರು ಊರಿನಲ್ಲಿದ್ದರೆ ಸರ್ಕಾರದ ನೀರು ಗಿಡಕ್ಕೆ ಒಳ್ಳೆಯದು. ಬೇರೇ ಇಲ್ಲದಿದ್ದರೆ ಎಷ್ಟು ನೀರೆರೆದರೂ ಅದು ಕುಂಡದ ಗಿಡವೇ.

ಕಲಾವಿದನ ಕಡೆಯಿಂದಲೂ ಒಂದು ಮಾತನ್ನು ಹೇಳಬೇಕು. ಶಿವರಾಮ ಕಾರಂತರು ತಮಗೆ ದೊರೆತಿದ್ದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂದಿರುಗಿಸಿದರು. ಸ್ವೀಕರಿಸಿದ ಗೌರವ ಬಾಯಿಗೆ ಬೀಗವಾಗಬಾರದೆಂಬ ತತ್ತ್ವ ಅಲ್ಲಿದೆ. ಹರಿಹರ ಆಸ್ಥಾನವನ್ನು ತೊರೆದ ಕಥೆಗೆ ನಮ್ಮ ಕಾಲದ ಸಂವಾದಿ ಇದೇ.

7

ಇಷ್ಟನ್ನು ಹೇಳಿದ ಮೇಲೆ ನಮ್ಮ ನಗರದ ಕನ್ನಡಿಗರ ವಿಚಾರಕ್ಕೆ ಬರಬೇಕು. ಮುಂಬಯಿಯಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತದಲ್ಲಿಯೇ ಇದ್ದವು. ಮುಂಬಯಿ ಕನ್ನಡಿಗರಿಗೂ ರಾಜಧಾನಿಯಾಗಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕನ್ನಡ ನಾಡು ಒಂದಾಯಿತು. ಅದೇ ಗಳಿಗೆಯಲ್ಲಿ ನಾವು ‘ಹೊರನಾಡಿನವರು’ ಆದೆವು. ಬೆಂಗಳೂರಿನ ಸರ್ಕಾರಕ್ಕೆ ನಾವು ಗಡಿಯಾಚೆಯವರು. ಇಲ್ಲಿಯ ಸರ್ಕಾರಕ್ಕೆ ಅನ್ಯಭಾಷಿಕರು. ಕಲೆಗೆ ಸರ್ಕಾರದ ನೆರವೆಂಬ ಪ್ರಶ್ನೆ ನಮ್ಮ ಮಟ್ಟಿಗೆ ‘ಯಾವ ಸರ್ಕಾರ?’ ಎಂಬಲ್ಲಿಂದ ಆರಂಭವಾಗುತ್ತದೆ.

ಕರ್ನಾಟಕ ಸರ್ಕಾರ ಹೊರನಾಡಿನ ಸಂಸ್ಥೆಗಳಿಗೆ ಕಾಲಕಾಲಕ್ಕೆ ನೆರವು ನೀಡುತ್ತ ಬಂದಿದೆ. ಅದಕ್ಕೆ ಕೃತಜ್ಞರಾಗಿರುವುದು ನಮ್ಮ ಧರ್ಮ. ಆದರೂ ಅನುಭವದ ಮಾತೊಂದನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಒಂದು ಹವ್ಯಾಸಿ ತಂಡ ಅನುದಾನದ ಭರವಸೆಯ ಮೇಲೆ ನಾಟಕವೊಂದನ್ನು ಸಿದ್ಧಪಡಿಸಿತು. ಬ್ಯಾಂಕಿನಲ್ಲಿ, ಹೋಟೆಲಿನಲ್ಲಿ ದುಡಿಯುವ ಹುಡುಗರು ಸಂಜೆ ಏಳರಿಂದ ಹತ್ತರವರೆಗೆ ತಾಲೀಮು ಮಾಡಿ, ಕೊನೆಯ ಲೋಕಲ್ ಹಿಡಿದು ಮನೆ ಸೇರುತ್ತಿದ್ದರು. ಹಣ ಮಂಜೂರಾದದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಸಭಾಗೃಹದ ಬಾಡಿಗೆ, ಪ್ರಸಾಧನ, ಬೆಳಕುಗಳ ಸಾಲವನ್ನು ತೀರಿಸಲು ತಂಡದ ಸಂಚಾಲಕ ತನ್ನ ಭವಿಷ್ಯನಿಧಿಯಿಂದ ಹಣ ತೆಗೆದಿದ್ದ. ಆ ಬಳಿಕ ಆ ತಂಡ ನಾಟಕ ಆಡಲಿಲ್ಲ. ನೆರವು ಬಾರದಿರುವುದಕ್ಕಿಂತ ಬರುವುದೆಂದು ನಂಬಿಸಿ ತಡವಾಗುವುದು ಕಲೆಗೆ ಹೆಚ್ಚು ಹಾನಿಕರ.

ಆದರೆ ಇದಕ್ಕಿಂತ ಗಂಭೀರವಾದ ಸಂಗತಿ ಬೇರೆಯಿದೆ. ಈ ನಗರದಲ್ಲಿ ಕನ್ನಡ ನಾಟಕ, ಯಕ್ಷಗಾನ, ತಾಳಮದ್ದಳೆಗಳನ್ನು ಬೆಳೆಸಿದವರು ಯಾರು? ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರು. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ಮಕ್ಕಳು. ಶಾಲೆಯ ವಾರ್ಷಿಕೋತ್ಸವವೇ ಅನೇಕ ಕಲಾವಿದರಿಗೆ ಮೊದಲ ರಂಗ. ಹತ್ತೊಂಬತ್ತನೆಯ ಶತಮಾನದಲ್ಲಿ ಚೆನ್ನಬಸಪ್ಪನವರು ಧಾರವಾಡದ ಕಡೆ ಮಾಡಿದ ಕೆಲಸವನ್ನು ಈ ಶಾಲೆಗಳು ಮುಂಬಯಿಯಲ್ಲಿ ಮಾಡಿದವು. ಇಂದು ಈ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗಿದೆ. ನಮ್ಮ ಮಕ್ಕಳನ್ನು ನಾವೇ ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿದ್ದೇವೆ. ಈ ಲೇಖಕನೂ ಅದಕ್ಕೆ ಹೊರತಲ್ಲ. ಉತ್ಸವಕ್ಕೆ ಗ್ರಾಂಟು ಕೇಳುವ ನಾವು ಶಾಲೆ ಮುಚ್ಚುವಾಗ ಅಷ್ಟೇ ಗಟ್ಟಿಯಾಗಿ ಕೂಗಿದೆವೇ ಎಂದು ಕೇಳಿಕೊಳ್ಳಬೇಕು. ಪ್ರೇಕ್ಷಕನೇ ಇಲ್ಲದ ಮೇಲೆ ಗ್ರಾಂಟು ಖಾಲಿ ಕುರ್ಚಿಗಳ ಬಾಡಿಗೆಗೆ ಮಾತ್ರ ಸಾಕಾದೀತು.

8

ಈ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಸರ್ಕಾರ ಕಲೆಯನ್ನು ಸೃಷ್ಟಿಸಲಾರದು. ಅದಕ್ಕೆ ಅಂಗಳವನ್ನೂ ಅವಕಾಶವನ್ನೂ ಒದಗಿಸಬಲ್ಲದು. ಸಾಧಾರಣ ಬಾಡಿಗೆಯ ಸಭಾಗೃಹ, ತೆರಿಗೆಯ ವಿನಾಯಿತಿ, ಗ್ರಂಥಾಲಯ, ದಾಖಲೀಕರಣ, ವೃದ್ಧ ಕಲಾವಿದರ ಮಾಸಾಶನ ಇವು ಯಾರ ಅಭಿರುಚಿಯನ್ನೂ ಹೇರದ ನೆರವುಗಳು. ಆಯ್ಕೆ ಮಾಡಲೇಬೇಕಾದಲ್ಲಿ, ಅವಧಿಯ ಭದ್ರತೆಯುಳ್ಳ ತಜ್ಞರು ಕಾರಣಗಳನ್ನು ಪ್ರಕಟಿಸಿ ಆಯ್ಕೆ ಮಾಡಬೇಕು. ತನ್ನ ಗಡಿಯೊಳಗಿನ ಅನ್ಯಭಾಷೆಗಳ ಕಲೆಯೂ ತನ್ನದೇ ಎಂದು ಸರ್ಕಾರ ಭಾವಿಸಬೇಕು. ಕರ್ನಾಟಕದಲ್ಲಿ ತುಳು, ಕೊಂಕಣಿ, ಕೊಡವ, ಉರ್ದು ಅಕಾಡೆಮಿಗಳೂ ಮಹಾರಾಷ್ಟ್ರದಲ್ಲಿ ಹಿಂದಿ, ಗುಜರಾತಿ, ಉರ್ದು, ಸಿಂಧಿ ಅಕಾಡೆಮಿಗಳೂ ಇರುವುದರಿಂದ ಈ ಮಾತು ಹೊಸದೇನಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತಾಯ್ನುಡಿಯ ಶಾಲೆಯನ್ನು ಉಳಿಸುವುದೇ ಆ ನುಡಿಯ ಕಲೆಗೆ ಸರ್ಕಾರ ಕೊಡಬಹುದಾದ ಅತಿ ದೊಡ್ಡ ಅನುದಾನ. ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಬರೆಯಿಸಿದಾಗ ಅದನ್ನು ಓದಬಲ್ಲವರು ಇದ್ದರು ಎಂಬುದೇ ಅವಳ ದಾನಕ್ಕೆ ಸಾರ್ಥಕತೆಯನ್ನು ತಂದಿತು.

ಕಳೆದ ಬಾರಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಪಿಲಾ ಹೌಸಿನ ಸುತ್ತ ನಡೆದಾಗ, 1846ರ ನಾಟಕಶಾಲೆ ಎಲ್ಲಿತ್ತೆಂದು ಅವರು ಕೇಳಿದರು. ಅದು ಈಗಿಲ್ಲ. ಕೈಗಾಡಿಗಳ ಗದ್ದಲದ ನಡುವೆ ನಿಂತು ನಾನು ಅವರಿಗೆ ಕರ್ಕಿಯ ಮೇಳದ ಕಥೆಯನ್ನು ಹೇಳಿದೆ. ಹೊನ್ನಾವರದ ಕಡೆಯಿಂದ ಬಂದ ಹುಡುಗಿಯೊಬ್ಬಳು, “ಸರ್, ಕರ್ಕಿ ನಮ್ಮಜ್ಜಿಯ ಊರು” ಎಂದಳು. ಸಾಂಗಲಿಯ ದೊರೆ ಈಗಿಲ್ಲ, ಶಂಕರಶೇಟರ ನಾಟಕಶಾಲೆಯೂ ಇಲ್ಲ. ಆ ಮೇಳದ ಕಥೆಯನ್ನು ಕನ್ನಡದಲ್ಲಿ ಕೇಳಿ ತನ್ನದೆಂದುಕೊಳ್ಳಬಲ್ಲ ಒಬ್ಬ ವಿದ್ಯಾರ್ಥಿನಿ ಮಾತ್ರ ಅಲ್ಲಿದ್ದಳು. ಅಂಥವರು ಮುಂದೆಯೂ ನಮ್ಮ ವಿಭಾಗದ ತರಗತಿಗಳಲ್ಲಿ ಇರುವಂತೆ ನೋಡಿಕೊಳ್ಳುವುದು ಸರ್ಕಾರಗಳ ಕರ್ತವ್ಯವೂ ಹೌದು, ಅದಕ್ಕಿಂತ ಮೊದಲು ನಮ್ಮ ಕರ್ತವ್ಯವೂ ಹೌದು.